‘ಫಾರ್ಮ್ಯಾಟ್ ಮಾಡಿ’ ಎಂದರೆ ಮಾಡಿಬಿಡುವುದೇ?

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಿಕ್ಕಿಸಿದ ಮೇಲೂ ಕಂಪ್ಯೂಟರಿನಲ್ಲಿ ಅದರ ಹೆಸರು ಬರಲಿಲ್ಲವೆಂದರೆ ಹೊರಡುವ ಮೊದಲ ತೀರ್ಪು ‘ಡಿಸ್ಕ್ ಹೋಯ್ತು’. ಎರಡನೆಯದು ‘ಫಾರ್ಮ್ಯಾಟ್ ಹೊಡೆದರೆ ಸರಿಹೋಗುತ್ತೆ’. ಮೊದಲನೆಯದು ಎಷ್ಟೋ ಸಲ ಸುಳ್ಳು. ಎರಡನೆಯದು ಕೆಲವೊಮ್ಮೆ ನಿಜ, ಅದೇ ಅದರ ಅಪಾಯ: ಡಿಸ್ಕ್ ಸರಿಹೋಗುತ್ತದೆ, ಒಳಗಿದ್ದ ಮದುವೆ ಫೋಟೊ ಹೋಗುತ್ತದೆ. ಫೋಟೊಗಳಿಗೆ ಬೇರೆಲ್ಲೂ ಪ್ರತಿ ಇಲ್ಲವೆಂದಾದರೆ ಡಿಸ್ಕ್ ರಿಪೇರಿಯ ಮಾತು ಆಮೇಲೆ, ಮೊದಲು ಒಳಗಿನದನ್ನು ಹೊರಗೆ ತರಬೇಕು.

‘ಲೈಟ್ ಉರಿಯುತ್ತಿದೆಯಲ್ಲ, ಕರೆಂಟ್ ಬರ್ತಾ ಇದೆ’ ಎನ್ನುವುದು ಅರ್ಧ ಸತ್ಯ. ಆ ಪುಟ್ಟ ದೀಪಕ್ಕೆ ಕೆಲವೇ ಮಿಲಿಆಂಪ್ ಸಾಕು. ಒಳಗಿನ ತಟ್ಟೆಯನ್ನು ನಿಂತಲ್ಲಿಂದ ತಿರುಗಿಸುವ ಮೋಟಾರಿಗೆ ಸಾಲದು. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪ್, 3.0 ಪೋರ್ಟ್ 900. ಮೌಸು, ಕೀಬೋರ್ಡು, ಪೆನ್‌ಡ್ರೈವ್ ಎಲ್ಲವನ್ನೂ ಹೊತ್ತ ಹಬ್‌ಗೆ ಡಿಸ್ಕನ್ನೂ ಸಿಕ್ಕಿಸಿದರೆ ಅದು ತಿರುಗಲು ಹೋಗಿ, ಸೋತು, ಮತ್ತೆ ಶುರುಮಾಡುತ್ತದೆ. ಹಬ್ ಬಿಟ್ಟು, ಸಿಪಿಯು ಡಬ್ಬದ ಹಿಂಬದಿಯ ಪೋರ್ಟಿಗೆ ನೇರವಾಗಿ ಕೊಟ್ಟು ನೋಡಿ. ಕೇಬಲ್ಲನ್ನೂ ಬದಲಿಸಿ ನೋಡಿ. ಹಲವು ಡಿಸ್ಕುಗಳಿಗೆ ಬರುವ ಆ ಚಪ್ಪಟೆ, ಅಗಲ ಪಿನ್ನಿನ ಕೇಬಲ್ ಬಲುಬೇಗ ಸಡಿಲವಾಗುತ್ತದೆ. ಟೈಪ್-ಸಿ ಆದರೆ ಬೇರೊಂದು ತಂಟೆ: ಚಾರ್ಜಿಂಗಿಗಷ್ಟೇ ಮಾಡಿದ ಅಗ್ಗದ ಕೇಬಲ್ಲಿನಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ದೊಡ್ಡ, 3.5 ಇಂಚಿನ ಡಿಸ್ಕಿಗೆ ಪ್ರತ್ಯೇಕ ಅಡಾಪ್ಟರ್ ಬೇಕು, ಸಾಮಾನ್ಯವಾಗಿ 12 ವೋಲ್ಟ್. ಪಿನ್ ಕೂರುತ್ತದೆಂದು ಲ್ಯಾಪ್‌ಟಾಪಿನ 19 ವೋಲ್ಟ್ ಚಾರ್ಜರ್ ಸಿಕ್ಕಿಸಿದರೆ, ಬದುಕಿದ್ದ ಡಿಸ್ಕನ್ನು ನಾವೇ ಸುಟ್ಟಂತಾದೀತು.

ಇನ್ನು ‘ದಿಸ್ ಪಿಸಿಯಲ್ಲಿ ಇಲ್ಲ ಎಂದರೆ ಕಂಪ್ಯೂಟರಿಗೆ ಗೊತ್ತೇ ಆಗಿಲ್ಲ’ ಎಂಬ ನಂಬಿಕೆ. ವಿಂಡೋಸ್ ಅಲ್ಲಿ ತೋರಿಸುವುದು ಇ, ಎಫ್ ಎಂಬಂಥ ಅಕ್ಷರ ಸಿಕ್ಕಿದ ಡ್ರೈವುಗಳನ್ನು. ಅಕ್ಷರ ಸಿಗದ ಡಿಸ್ಕ್ ತೆರೆಮರೆಯಲ್ಲಿ ಸುಮ್ಮನೆ ಕೂತಿರಬಹುದು. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಕೆಳಗಿನ ಅರ್ಧದಲ್ಲಿ ಡಿಸ್ಕ್ 0, ಡಿಸ್ಕ್ 1 ಎಂದು ಸಾಲುಗಳು ಕಾಣುತ್ತವೆ. ನಿಮ್ಮ ಡಿಸ್ಕ್ ಸರಿಯಾದ ಗಾತ್ರದೊಂದಿಗೆ ಅಲ್ಲಿದ್ದರೆ ಕೇಬಲ್ಲು, ಕರೆಂಟು ಸರಿಯಿವೆ ಎಂದೇ ಲೆಕ್ಕ. ನೀಲಿ ಪಟ್ಟಿಯಿದ್ದು, ಫೈಲ್ ಸಿಸ್ಟಮ್ಮಿನ ಹೆಸರೂ ಇದ್ದು, ಅಕ್ಷರ ಮಾತ್ರ ಇಲ್ಲವೇ? ರೈಟ್ ಕ್ಲಿಕ್ ಮಾಡಿ ಒಂದು ಅಕ್ಷರ ಕೊಟ್ಟರಾಯಿತು, ಏನೂ ಅಳಿಸುವುದಿಲ್ಲ. ಪಟ್ಟಿ ಕಪ್ಪಾಗಿದ್ದು ‘ಅನ್‌ಅಲೊಕೇಟೆಡ್’ ಎಂದಿದ್ದರೆ ವಿಭಾಗಗಳ ಪಟ್ಟಿ ಕಳೆದಿದೆ. ‘ಇನಿಷಿಯಲೈಸ್’ ಮಾಡಲೇ ಎಂದು ವಿಂಡೋಸ್ ಕೇಳಿದರೆ ಕ್ಯಾನ್ಸಲ್ ಒತ್ತಿ. ಗಾತ್ರದ ಜಾಗದಲ್ಲಿ ‘ನೋ ಮೀಡಿಯಾ’ ಎಂದು ಬಂದರೆ ತೊಂದರೆ ಹೆಚ್ಚಾಗಿ ಯಂತ್ರದ್ದೇ. ಸಾಫ್ಟ್‌ವೇರ್ ಹುಡುಕಿ ಫಲವಿಲ್ಲ.

ಈಗ ಆ ಕುಖ್ಯಾತ ಸಂದೇಶ: ಬಳಸುವ ಮೊದಲು ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು ಎನ್ನುವುದು. ಇದನ್ನು ತಜ್ಞರ ಸಲಹೆ ಎಂದು ಓದುವವರೇ ಹೆಚ್ಚು. ವಿಂಡೋಸ್ ಹೇಳುತ್ತಿರುವುದು ಇಷ್ಟೇ: ಇಲ್ಲಿರುವುದು ನನಗೆ ಓದಲು ಬರುತ್ತಿಲ್ಲ. ಮ್ಯಾಕ್‌ನಲ್ಲಿ ಎಪಿಎಫ್‌ಎಸ್ ರೀತಿಯಲ್ಲಿ ಸಿದ್ಧಪಡಿಸಿದ, ಕೂದಲೂ ಕೊಂಕದ ಡಿಸ್ಕನ್ನು ಸಿಕ್ಕಿಸಿದರೂ ಅದು ಇದೇ ಮಾತಾಡೀತು. ಅದೇ ಡಿಸ್ಕ್ ಮ್ಯಾಕ್‌ನಲ್ಲಿ ಸಲೀಸಾಗಿ ತೆರೆದುಕೊಳ್ಳುತ್ತದೆ. (ಎರಡೂ ಕಡೆ ಓದಿ ಬರೆಯಬೇಕಿದ್ದರೆ ಎಕ್ಸ್‌ಫ್ಯಾಟ್ ಒಳ್ಳೆಯದು, ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಆದರೆ ತಾನಾಗಿ ಅದರಲ್ಲಿ ಬರೆಯುವುದಿಲ್ಲ.) ಕೈತಪ್ಪಿ ಕ್ವಿಕ್ ಫಾರ್ಮ್ಯಾಟ್ ಆಗಿಯೇ ಹೋದರೂ ತಟ್ಟೆ ತಿರುಗುವ ಡಿಸ್ಕಿನಲ್ಲಿ ಆಸೆ ಬಿಡಬೇಕಿಲ್ಲ, ಅದು ಪುಸ್ತಕದ ಪರಿವಿಡಿಯನ್ನು ಹರಿದ ಹಾಗೆ; ಹೊಸದೇನನ್ನೂ ಬರೆಯದೆ ನಿಲ್ಲಿಸಬೇಕು. ಆದರೆ ‘ಕ್ವಿಕ್’ ಮುಂದಿನ ಟಿಕ್ ತೆಗೆದು ಫಾರ್ಮ್ಯಾಟ್ ಮಾಡಿದರೆ, ವಿಸ್ತಾದಿಂದೀಚಿನ ವಿಂಡೋಸ್ ಉದ್ದಕ್ಕೂ ಸೊನ್ನೆ ಬರೆಯುತ್ತದೆ. ಅಲ್ಲಿಗೆ ಮುಗಿಯಿತು.

‘ಚೆಕ್‌ಡಿಸ್ಕ್ ಓಡಿಸಿ’ ಎನ್ನುವ ಸಲಹೆಯ ಬಗ್ಗೆ ನನಗೆ ತಕರಾರಿದೆ. ಆ ಸಾಧನಕ್ಕೆ ಬೇಕಿರುವುದು ಫೈಲ್ ಸಿಸ್ಟಮ್ಮಿನ ಲೆಕ್ಕ ತಾಳೆಯಾಗುವುದು, ನಿಮ್ಮ ಫೈಲು ಉಳಿಯುವುದಲ್ಲ. ತಾಳೆಯಾಗದ ತುಂಡುಗಳನ್ನು ಕತ್ತರಿಸಿ ಪಕ್ಕಕ್ಕೆ ಹಾಕಲೂ ಅದು ಹಿಂದೆಮುಂದೆ ನೋಡುವುದಿಲ್ಲ. ಮುಗ್ಗರಿಸುತ್ತ ಓದುವ ಡಿಸ್ಕಾದರೆ ಮೊದಲು ಲಿನಕ್ಸಿನ ಡಿಡಿರೆಸ್ಕ್ಯೂನಂಥದ್ದರಿಂದ ಇಡೀ ಡಿಸ್ಕಿನ ಪಡಿಯಚ್ಚು ತೆಗೆದು, ಪ್ರಯೋಗವೆಲ್ಲ ಅದರ ಮೇಲೆ ಮಾಡುವುದು ಲೇಸು.

ಫ್ರೀಜರಿನಲ್ಲಿಟ್ಟು ತೆಗೆಯುವ ಉಪಾಯ ಇನ್ನೂ ಚಾಲ್ತಿಯಲ್ಲಿದೆ. ಹೊರಗೆ ತೆಗೆದೊಡನೆ ತಣ್ಣನೆಯ ತಟ್ಟೆಯ ಮೇಲೆ ತೇವ ಕೂರುತ್ತದೆ, ಅಷ್ಟೇ ಲಾಭ. ಮುಚ್ಚಳ ಬಿಚ್ಚಿ ನೋಡುವುದು ಅದಕ್ಕಿಂತ ಕೆಟ್ಟದ್ದು: ಓದುವ ಹೆಡ್ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತದೆ, ಮನೆಯ ಧೂಳಿನ ಕಣ ಅದರ ಸಾವಿರಾರು ಪಟ್ಟು ದೊಡ್ಡದು. ‘ಅದೇ ಮಾಡೆಲ್ಲಿನ ಬೋರ್ಡ್ ತಂದು ಹಾಕಿದರೆ ನಡೆಯುತ್ತೆ’ ಎನ್ನುವುದು ಹಳೆಯ ಡಿಸ್ಕುಗಳ ಕಾಲದ ಮಾತು. ಈಗಿನ ಬೋರ್ಡಿನ ಚಿಪ್ಪಿನಲ್ಲಿ ಆ ಒಂದು ಡಿಸ್ಕಿಗೇ ಹೊಂದಿಸಿದ ಅಳತೆಗಳಿರುತ್ತವೆ. ಆ ಚಿಪ್ಪನ್ನೂ ಕಿತ್ತು ಹೊಸ ಬೋರ್ಡಿಗೆ ಬೆಸೆಯಬೇಕಾಗುತ್ತದೆ. ಹೊರಡಬ್ಬ ಬದಲಿಸುವುದು ಮಾತ್ರ ಕೆಲವೊಮ್ಮೆ ನಿಜಕ್ಕೂ ಫಲಿಸುತ್ತದೆ, ಒಳಗೆ ಸಾಮಾನ್ಯ ಸಾಟಾ ಡಿಸ್ಕ್ ಇದ್ದರೆ. ಯುಎಸ್‌ಬಿ ಸಾಕೆಟ್ ಬೋರ್ಡಿಗೇ ಬೆಸೆದಿದ್ದರೆ ಆ ದಾರಿಯಿಲ್ಲ. ಪಾಸ್‌ವರ್ಡ್ ಇಡದಿದ್ದರೂ ಡೇಟಾವನ್ನು ಗೂಢಲಿಪಿಯಲ್ಲೇ ಬರೆಯುವ ಡಿಸ್ಕುಗಳೂ ಇವೆ. ಅವು ಬೇರೆ ಡಬ್ಬದಲ್ಲಿ ಬಾಯಿಬಿಡುವುದಿಲ್ಲ.

ಪೋರ್ಟು, ಕೇಬಲ್ಲು ಬದಲಿಸಿದ ಮೇಲೂ ಒಂದೇ ಲಯದಲ್ಲಿ ಟಕ್, ಟಕ್ ಎನ್ನುತ್ತಿದ್ದರೆ ಮತ್ತೆ ಮತ್ತೆ ಸಿಕ್ಕಿಸಿ ನೋಡಬೇಡಿ. ಹೆಡ್ ಕೆಟ್ಟಿದ್ದರೆ ಪ್ರತಿ ಸುತ್ತಿಗೂ ತಟ್ಟೆ ಗೀರಿಸಿಕೊಳ್ಳಬಹುದು. ಅಂಗಡಿಗೆ ಒಯ್ದಾಗ, ಬಿಚ್ಚುವುದಾದರೆ ಧೂಳಿಲ್ಲದ ಕೋಣೆ ಇದೆಯೇ ಎಂದು ಕೇಳಿ. ವಾರಂಟಿ ಇದೆಯೆಂದು ನೇರ ಸರ್ವಿಸ್ ಸೆಂಟರಿಗೆ ಕೊಡುವುದೂ ಅವಸರವೇ. ವಾರಂಟಿ ಡಿಸ್ಕಿಗೆ ಮಾತ್ರ, ಡೇಟಾಕ್ಕಲ್ಲ. ಬದಲಿ ಡಿಸ್ಕ್ ಬರುತ್ತದೆ, ಕೊಟ್ಟ ಹಳೆಯದು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.