ವೇಗವೂ ನಿಲುಗಡೆಯೂ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುಮಾರ್ಗವು ಬಿಡದಿಯನ್ನು ದಾಟಿದ ಮೇಲೆ ಹೆಬ್ಬಂಡೆಗಳ ಬೆಟ್ಟಗಳಿಂದ ಸುತ್ತುವರಿದ ರಾಮನಗರವನ್ನೂ ಬಣ್ಣದ ಮರದ ಗೊಂಬೆಗಳಿಗೆ ಹೆಸರಾದ ಚನ್ನಪಟ್ಟಣವನ್ನೂ ಹಾದುಹೋಗುತ್ತದೆ. ಸುಮಾರು 138 ಕಿಲೋಮೀಟರ್ ಉದ್ದದ ಈ ಹಾದಿಯಲ್ಲಿ 2022ರ ನವೆಂಬರ್ 11ರಂದು ಹೊಸ ಬಗೆಯ ರೈಲೊಂದಕ್ಕೆ ಚಾಲನೆ ದೊರೆಯಿತು. ಅದೇ ಚೆನ್ನೈ–ಮೈಸೂರು ವಂದೇ ಭಾರತ್ ಎಕ್ಸ್‌ಪ್ರೆಸ್. ದಕ್ಷಿಣ ಭಾರತದಲ್ಲಿ ಈ ಬಗೆಯ ರೈಲುಗಳಲ್ಲಿ ಇದೇ ಮೊದಲನೆಯದು.

ಚೆನ್ನೈನ ಪೆರಂಬೂರಿನ ಕಾರ್ಖಾನೆಯಲ್ಲಿ ರೂಪುಗೊಂಡ ಈ ರೈಲು 16 ಗಾಡಿಗಳೊಡನೆ ಸಂಚಾರ ಆರಂಭಿಸಿತು. ಅದರಲ್ಲಿದ್ದ ಆಸನಗಳು 1128. ಅವುಗಳಲ್ಲಿ 104 ಮಾತ್ರ ಮೇಲಿನ ದರ್ಜೆಯವು. ಆ ದರ್ಜೆಯಲ್ಲಿ ಸಾಲಿಗೆ ನಾಲ್ಕೇ ಆಸನಗಳು. ಅವನ್ನು ರೈಲು ಸಾಗುವ ದಿಕ್ಕಿಗೆ ತಿರುಗಿಸಿಕೊಳ್ಳಬಹುದು. ಉಳಿದ ಗಾಡಿಗಳಲ್ಲಿ ಸಾಲಿಗೆ ಐದು ಆಸನಗಳು. ಆದರೆ ತಂಪು ಗಾಳಿಯೂ ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳೂ ಎರಡೂ ದರ್ಜೆಗಳಿಗೆ ಸಮಾನ.

ಪ್ರಯಾಣದ ಸುಖವು ಮೆತ್ತನೆಯ ಆಸನದಿಂದ ಮಾತ್ರ ಒದಗುವುದಿಲ್ಲ. ಸಾಮಾನ್ಯ ರೈಲಿನಲ್ಲಿ ಮುಂದಿನ ಎಂಜಿನ್ ಒಂದೇ ಎಲ್ಲ ಗಾಡಿಗಳನ್ನೂ ಎಳೆಯುತ್ತದೆ. ಇಲ್ಲಿಯಾದರೋ ಹಲವು ಗಾಡಿಗಳ ಅಡಿಯಲ್ಲಿಯೇ ವಿದ್ಯುತ್ ಮೋಟಾರುಗಳಿವೆ. ಆದುದರಿಂದ ರೈಲು ಬೇಗ ವೇಗ ಪಡೆಯುತ್ತದೆ. ಗಾಳಿ ತುಂಬಿದ ಸ್ಪ್ರಿಂಗುಗಳು ಕುಲುಕಾಟವನ್ನು ಹೀರಿಕೊಳ್ಳುತ್ತವೆ. ಹಳಿಗಳನ್ನು ಉದ್ದಕ್ಕೂ ಬೆಸೆದಿರುವೆಡೆಗಳಲ್ಲಿ ಹಿಂದಿನ ‘ಟಕ ಟಕ’ ಸದ್ದೂ ಕೇಳುವುದಿಲ್ಲ.

ಈ ಮಾರ್ಗದ ಹುಟ್ಟು ಸುಖದಲ್ಲಿ ಆದುದಲ್ಲ. 1876–78ರ ಭೀಕರ ಕ್ಷಾಮದಿಂದ ಮೈಸೂರು ಸಂಸ್ಥಾನ ತತ್ತರಿಸಿದಾಗ, ಹಸಿದವರಿಗೆ ಕೂಲಿ ಒದಗಿಸಲು ಕೈಗೊಂಡ ಕಾಮಗಾರಿಗಳಲ್ಲಿ ಇದರ ಮಣ್ಣಿನ ಕೆಲಸವೂ ಸೇರಿತ್ತು. 1881–82ರಲ್ಲಿ ರೈಲು ಓಡತೊಡಗಿತು. ಅಂದಿನ ಭಾರತದ ರೈಲುಗಳಲ್ಲಿ ಮೊದಲ ದರ್ಜೆಗೆ ಮೆತ್ತೆಯ ಪೀಠ, ಮೂರನೆಯ ದರ್ಜೆಗೆ ಮರದ ಹಲಗೆ. ದಕ್ಷಿಣ ಆಫ್ರಿಕದಿಂದ ಮರಳಿದ ಗಾಂಧೀಜಿಯವರು ಮೂರನೆಯ ದರ್ಜೆಯಲ್ಲಿಯೇ ಸಂಚರಿಸಿ, ಅಲ್ಲಿನ ನೂಕುನುಗ್ಗಲು ಮತ್ತು ಕೊಳಕನ್ನು ಕುರಿತು 1917ರಲ್ಲಿ ಬರೆದರು. ಆ ದರ್ಜೆ ರದ್ದಾದುದು 1974ರಲ್ಲಿ.

ವೇಗಕ್ಕೆ ಗಾಡಿಯ ಶಕ್ತಿಯೊಂದೇ ಸಾಲದು, ಹಾದಿಯೂ ಅನುಕೂಲವಾಗಿರಬೇಕು. ಜಪಾನಿನಲ್ಲಿ 1964ರ ಅಕ್ಟೋಬರ್ 1ರಂದು ಆರಂಭವಾದ ಶಿಂಕಾನ್‌ಸೆನ್ ರೈಲು ಗಂಟೆಗೆ 210 ಕಿಲೋಮೀಟರ್ ವೇಗದಲ್ಲಿ ಓಡಿತು. ಅದಕ್ಕೆ ಪ್ರತ್ಯೇಕ ಮಾರ್ಗವಿತ್ತು, ತಿರುವುಗಳು ವಿಶಾಲವಾಗಿದ್ದುವು, ರಸ್ತೆಗಳು ಹಳಿಯನ್ನು ಅಡ್ಡಹಾಯುತ್ತಿರಲಿಲ್ಲ. ಗಂಟೆಗೆ 160 ಕಿಲೋಮೀಟರ್ ಓಡಬಲ್ಲ ವಂದೇ ಭಾರತ್ ಬೆಂಗಳೂರು–ಮೈಸೂರು ನಡುವೆ ಸುಮಾರು ಎರಡು ಗಂಟೆ ತೆಗೆದುಕೊಳ್ಳುತ್ತದೆ. ಅಂದರೆ ಅದರ ಸರಾಸರಿ ವೇಗ ಗಂಟೆಗೆ ಸುಮಾರು 70 ಕಿಲೋಮೀಟರ್. ಹಳೆಯ ಹಾದಿಯ ಮಿತಿ ಹೊಸ ಗಾಡಿಗೂ ತಪ್ಪಿದ್ದಲ್ಲ.

ವೇಗಕ್ಕೆ ತೆರಬೇಕಾದ ಇನ್ನೊಂದು ಬೆಲೆಯೂ ಉಂಟು. ನಿಂತಷ್ಟೂ ಕಾಲ ಕಳೆಯುತ್ತದೆ. ಆದುದರಿಂದ 2022ರಲ್ಲಿ ಈ ರೈಲು ಬೆಂಗಳೂರನ್ನು ಬಿಟ್ಟರೆ ಮೈಸೂರಿನವರೆಗೆ ಎಲ್ಲಿಯೂ ನಿಲ್ಲದಂತೆ ವೇಳಾಪಟ್ಟಿ ಸಿದ್ಧವಾಯಿತು. ರಾಮನಗರ, ಚನ್ನಪಟ್ಟಣಗಳಿಂದ ಬೆಂಗಳೂರಿಗೆ ದಿನವೂ ಕೆಲಸಕ್ಕೆ ಹೋಗಿಬರುವವರಿಗೆ ಸಣ್ಣ ನಿಲ್ದಾಣಗಳಲ್ಲಿಯೂ ನಿಲ್ಲುವ ರೈಲುಗಳೇ ಆಧಾರ.

ಕನಕಪುರ, ಮಾಗಡಿಗಳ ಸ್ಥಿತಿ ಬೇರೆ. ಅಲ್ಲಿ ರೈಲುಮಾರ್ಗವೇ ಇಲ್ಲ. ಹೆಜ್ಜಾಲದಿಂದ ಕನಕಪುರದ ಮೂಲಕ ಚಾಮರಾಜನಗರಕ್ಕೆ ಹಳಿ ಹಾಕುವ ಯೋಜನೆ ದಶಕಗಳಷ್ಟು ಹಳೆಯದಾದರೂ ಕನಕಪುರಕ್ಕೆ ಹಳಿ ಬಂದಿಲ್ಲ. ಈ ಸೀಮೆಯ ರೈತರು ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೆ ರಸ್ತೆಯಲ್ಲಿಯೇ ತರಬೇಕು. ಗೂಡನ್ನು ಸೀಳಿಕೊಂಡು ಚಿಟ್ಟೆ ಹೊರಬಂದರೆ ನೂಲು ತುಂಡಾಗಿ ಗೂಡಿನ ಬೆಲೆ ಕುಸಿಯುತ್ತದೆ. ಕಾಲದ ಬೆಲೆಯನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ವೇಗವೂ ಸುಖವೂ ನಾಡಿಗೆ ಬೇಕು. ಆದರೆ ಕ್ಷಾಮದ ದಿನಗಳಲ್ಲಿ ಹಸಿದ ಕೈಗಳು ಮಣ್ಣು ಹೊತ್ತು ಕಟ್ಟಿದ ಹಾದಿ ಇದು. ಇದರ ಮೇಲೆ ಓಡುವ ರೈಲುಗಳ ಹಿರಿಮೆಯನ್ನು ಅಳೆಯುವಾಗ, ಅವು ಎಷ್ಟು ಬೇಗ ಊರು ಸೇರುತ್ತವೆ ಎಂಬುದರ ಜೊತೆಗೆ, ದಾರಿಯಲ್ಲಿ ಕಾದು ನಿಂತ ಎಷ್ಟು ಜನರನ್ನು ಹತ್ತಿಸಿಕೊಳ್ಳುತ್ತವೆ ಎಂಬುದನ್ನೂ ಎಣಿಸಬೇಕು.