ಧ್ರುವಯಾನದ ನೆನಪಿನ ಕೈಗಡಿಯಾರ: 1958ರ ‘ಜಿಯೋಫಿಸಿಕ್’

ಹಳೆಯ ಕೈಗಡಿಯಾರಗಳ ಸಂಗ್ರಾಹಕರು ವಿಶೇಷವಾಗಿ ಅರಸುವ ಕೆಲವು ಮಾದರಿಗಳುಂಟು. ಸ್ವಿಟ್ಜರ್ಲೆಂಡಿನ ಜೇಗರ್-ಲಕೂಲ್ಟ್ರ್ ಸಂಸ್ಥೆ 1958ರಲ್ಲಿ ಹೊರತಂದ ‘ಜಿಯೋಫಿಸಿಕ್’ ಅಂಥವುಗಳಲ್ಲೊಂದು. ಮೂರು ಮುಳ್ಳುಗಳ, ಕೀಲಿ ಕೊಟ್ಟು ನಡೆಸುವ ಈ ಸರಳ ಗಡಿಯಾರಕ್ಕೆ ಅಷ್ಟೊಂದು ಬೆಲೆ ಏಕೆ ಎಂಬುದನ್ನು ತಿಳಿಯಲು ನಾವು ಅದರ ಕಾಲವನ್ನೂ ಒಡಲನ್ನೂ ನೋಡಬೇಕು.

1957ರ ಜುಲೈ 1ರಿಂದ 1958ರ ಡಿಸೆಂಬರ್ 31ರವರೆಗೆ ‘ಅಂತಾರಾಷ್ಟ್ರೀಯ ಭೂಭೌತ ವರ್ಷ’ವನ್ನು ಆಚರಿಸಲಾಯಿತು. ಭಾರತವೂ ಸೇರಿದಂತೆ 60ಕ್ಕೂ ಹೆಚ್ಚು ರಾಷ್ಟ್ರಗಳು ಅದರಲ್ಲಿ ಪಾಲ್ಗೊಂಡವು. 12 ರಾಷ್ಟ್ರಗಳು ಅಂಟಾರ್ಕ್ಟಿಕಾದಲ್ಲಿ ಅಧ್ಯಯನ ಕೈಗೊಂಡವು. ಧ್ರುವಪ್ರಭೆ, ಭೂಕಂಪ, ಭೂಕಾಂತತ್ವ ಮೊದಲಾದವನ್ನು ಜಗತ್ತಿನ ನಾನಾ ಕಡೆ ಏಕಕಾಲದಲ್ಲಿ ದಾಖಲಿಸಿ ಹೋಲಿಸುವುದು ಅಂದಿನ ಉದ್ದೇಶವಾಗಿತ್ತು. ಇಂಥ ಕಾರ್ಯಕ್ಕೆ ನಿಖರ ಸಮಯವೇ ತಳಹದಿ. 1833ರಲ್ಲಿ ಆರಂಭವಾದ ಸಂಸ್ಥೆಯ 125ನೆಯ ವರ್ಷವೂ ಅದೇ ಆಗಿದ್ದುದರಿಂದ, ವಿಜ್ಞಾನಿಗಳಿಗೊಪ್ಪುವ ಗಡಿಯಾರಕ್ಕೆ ಆ ವರ್ಷದ ಹೆಸರನ್ನೇ ಇಡಲಾಯಿತು.

ಯಾಂತ್ರಿಕ ಗಡಿಯಾರದ ದೊಡ್ಡ ಶತ್ರು ಕಾಂತತ್ವ. ಅದರೊಳಗಿನ ಹೇರ್‌ಸ್ಪ್ರಿಂಗ್ ಎಂಬ ಅತಿ ತೆಳುವಾದ ಸುರುಳಿಯು ಕಾಂತಗುಣ ಪಡೆದರೆ ಸುತ್ತುಗಳು ಒಂದಕ್ಕೊಂದು ಅಂಟುತ್ತವೆ, ಗಡಿಯಾರ ಓಡತೊಡಗುತ್ತದೆ. ಧ್ರುವದ ಕಾಂತಶಕ್ತಿಯೇ ಗಡಿಯಾರವನ್ನು ಕೆಡಿಸುತ್ತದೆಂದು ಹಲವರು ಭಾವಿಸುವುದುಂಟು. ಅಲ್ಲಿಯ ಭೂಕಾಂತ ಕ್ಷೇತ್ರ ಸಮಭಾಜಕದಲ್ಲಿರುವುದರ ಸುಮಾರು ಇಮ್ಮಡಿ, ನಿಜ. ಆದರೂ ಅದು ಒಂದು ಗಾಸ್‌ಗಿಂತ ಕಡಿಮೆ. ನಿಜವಾದ ಅಪಾಯ ಪ್ರಯೋಗಾಲಯದ ಮೋಟಾರು, ಜನರೇಟರು, ರೇಡಿಯೋ ಯಂತ್ರಗಳಿಂದ. ಆದ್ದರಿಂದಲೇ ಜಿಯೋಫಿಸಿಕ್‌ನ 17 ಜ್ಯೂಯೆಲ್‌ಗಳ ಯಂತ್ರವನ್ನು ಮೃದು ಕಬ್ಬಿಣದ ಒಳಕವಚದಲ್ಲಿರಿಸಿದರು. ಹೊರಗಿನ ಕಾಂತರೇಖೆಗಳು ಯಂತ್ರವನ್ನು ಬಿಟ್ಟು ಈ ಕವಚದೊಳಗೇ ಹರಿದು ಹೋಗುತ್ತವೆ.

ಅದೇ ವರ್ಷದ ಆಗಸ್ಟ್ 3ರಂದು ಅಮೆರಿಕದ ಅಣುಶಕ್ತಿ ಚಾಲಿತ ಜಲಾಂತರ್ಗಾಮಿ ‘ನಾಟಿಲಸ್’ 116 ಮಂದಿಯನ್ನು ಹೊತ್ತು, ಹಿಮದ ಹಾಸಿನಡಿ ಸಾಗಿ ಉತ್ತರ ಧ್ರುವವನ್ನು ದಾಟಿತು. ಆ ಸಾಧನೆಯ ಗೌರವಾರ್ಥ ನೌಕೆಯ ನಾಯಕ ವಿಲಿಯಂ ಆಂಡರ್‌ಸನ್ ಅವರಿಗೆ ಜಿನೀವಾ ನಗರವು ಜಿಯೋಫಿಸಿಕ್ ಒಂದನ್ನು ಕಾಣಿಕೆಯಾಗಿ ನೀಡಿತು. ಇದು ಧ್ರುವ ದಾಟಿದ ಬಳಿಕ ಸಂದ ಮನ್ನಣೆ ಎಂಬುದನ್ನು ಗಮನಿಸಬೇಕು. ಮಾರುವವರು ‘ಧ್ರುವಕ್ಕೆ ಹೋಗಿ ಬಂದ ಗಡಿಯಾರ’ ಎಂದಾಗ ಕೊಳ್ಳುವವರು ಪುರಾವೆ ಕೇಳುವುದೇ ವಿವೇಕ.

ಈ ಮಾದರಿ ತಯಾರಾದದ್ದು ಅಲ್ಪ ಸಂಖ್ಯೆಯಲ್ಲಿ. 2014ರಲ್ಲಿ ಸಂಸ್ಥೆ ಇದರ ಹೊಸ ರೂಪವನ್ನು ಹೊರತಂದರೂ ಹಳೆಯದರ ಬೇಡಿಕೆ ಕುಂದಲಿಲ್ಲ. ಸಂಗ್ರಾಹಕರು ಮೊದಲು ಪರಿಶೀಲಿಸುವುದು ಡಯಲ್ ಮೂಲದ್ದೇ, ಒಳಕವಚ ಇದೆಯೇ, ಹೊರ ಕೇಸಿನ ಅಂಚುಗಳು ಪಾಲಿಶ್‌ನಿಂದ ಸವೆದಿಲ್ಲವೇ ಎಂಬುದನ್ನು. ಬಣ್ಣ ಮಾಸಿದ ಮೂಲ ಡಯಲ್‌ಗಿರುವ ಬೆಲೆ ಹೊಸದಾಗಿ ಬಣ್ಣ ಹಚ್ಚಿದ್ದಕ್ಕಿಲ್ಲ.

ನಮ್ಮ ಮನೆಗಳಿಗೂ ಇದು ಅನ್ವಯಿಸುವ ಮಾತು. ಅಜ್ಜನ ಕಾಲದ ಎಚ್‌ಎಂಟಿಯೋ ಫಾವ್ರ್-ಲೂಬಾವೋ ಕಪಾಟಿನಲ್ಲಿದ್ದರೆ ‘ಹೊಸದರಂತೆ ಮಾಡಿಕೊಡಿ’ ಎಂದು ಅಂಗಡಿಗೆ ಒಪ್ಪಿಸುವ ಮುನ್ನ ಯೋಚಿಸುವುದು ಒಳಿತು. ಯಂತ್ರವನ್ನು ಶುಚಿಗೊಳಿಸಿ ಎಣ್ಣೆ ಹಾಕಿಸಬಹುದು. ಡಯಲನ್ನೂ ಕೇಸನ್ನೂ ಇದ್ದಂತೆಯೇ ಬಿಡತಕ್ಕದ್ದು. ಹಳೆಯ ವಾಚುಗಳ ಹೊಳೆಯುವ ಬಣ್ಣದಲ್ಲಿ ರೇಡಿಯಂ ಇರುವ ಸಂಭವವಿರುವುದರಿಂದ ಮನೆಯಲ್ಲಿ ಬಿಚ್ಚಲಾಗದು. ಕೊಂಡಾಗಿನ ರಸೀದಿ, ಡಬ್ಬಿ, ಹಿರಿಯರು ಅದನ್ನು ಧರಿಸಿದ ಛಾಯಾಚಿತ್ರಗಳಿದ್ದರೆ ಜತೆಯಲ್ಲೇ ಕಾಪಿಡೋಣ. ಗಡಿಯಾರದ ಕಥೆಗೆ ಸಾಕ್ಷಿ ಹೇಳುವವು ಅವೇ.