ಗಾಲಿಯೂ ಗಾಳಿಯೂ

ಬಳ್ಳಾರಿ ಜಾಲಿಯನ್ನು ಕಾಣದ ಕನ್ನಡಿಗರು ವಿರಳ. ನಮ್ಮ ಊರಿನ ಹೆಸರನ್ನು ಹೊತ್ತಿದ್ದರೂ ಆ ಗಿಡ ನಮ್ಮ ನೆಲದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕಾ ಖಂಡದಿಂದ ಭಾರತಕ್ಕೆ ಬಂದು, ಬಯಲುಸೀಮೆಯಲ್ಲಿ ಬೇರೂರಿದ ಪರದೇಶಿ. ಸಿರುಗುಪ್ಪ, ಕುರುಗೋಡುಗಳ ಕಡೆಗೆ ಸ್ಕೂಟರಿನ ಮೇಲೆ ಹೊರಟವನಿಗೆ ಅದರ ಮುಳ್ಳಿನ ಪರಿಚಯವನ್ನು ಬೇರೆ ಮಾಡಿಕೊಡಬೇಕಾಗಿಲ್ಲ. ಸಾಹಿತ್ಯ ಪಾಠ ಹೇಳಿ ನಿವೃತ್ತನಾದ ನಾನು ಟೈರಿನ ವಿಷಯ ಮಾತನಾಡಲು ಆ ಮುಳ್ಳೇ ಪ್ರೇರಣೆ.

ಎತ್ತಿನ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿಯಿತ್ತು, ಗಾಳಿಯಿರಲಿಲ್ಲ. ಗಾಲಿಗೆ ಗಾಳಿ ತುಂಬುವ ಯೋಚನೆಗೆ 1845ರಲ್ಲಿ ಪೇಟೆಂಟು ಪಡೆದವನು ರಾಬರ್ಟ್ ವಿಲಿಯಂ ಥಾಮ್ಸನ್. ಅದು ಜನಬಳಕೆಗೆ ಬಾರದೆ ಮರೆಯಾಯಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಅದನ್ನು ಮತ್ತೆ ಕಂಡುಕೊಂಡ. ಸೈಕಲ್ಲಿನ ಮೂಲಕ ಅದು ಲೋಕಪ್ರಿಯವಾಯಿತು. ನಾವು ನಿತ್ಯ ಬಳಸುವ ‘ಸ್ಟೆಪ್ನಿ’ ಎಂಬ ಮಾತಿಗೂ ಒಂದು ಚರಿತ್ರೆಯಿದೆ. ವೇಲ್ಸಿನ ಲನೆಥ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ, 1904ರ ಸುಮಾರಿಗೆ, ಹೆಚ್ಚುವರಿ ಚಕ್ರಗಳನ್ನು ಮಾಡಿ ಮಾರುತ್ತಿದ್ದರು. ಬೀದಿಯ ಹೆಸರು ಚಕ್ರದ ಹೆಸರಾಗಿ ನಮ್ಮವರೆಗೂ ಉರುಳಿ ಬಂದಿದೆ.

ಮೊದಲು ಹಳೆಯ ಬಜಾಜ್ ಚೇತಕ್ ಬಗೆಯ ಸ್ಕೂಟರನ್ನು ತೆಗೆದುಕೊಳ್ಳೋಣ. ಅದರ 10 ಅಂಗುಲದ ರಿಮ್ಮು ಎರಡು ಹೋಳುಗಳದ್ದು. ಒಂದು ಗುಂಪಿನ ನಟ್ಟುಗಳು ಚಕ್ರವನ್ನು ಡ್ರಮ್ಮಿಗೆ ಬಿಗಿದಿರುತ್ತವೆ. ಇನ್ನೊಂದು ಗುಂಪಿನವು ಎರಡು ಹೋಳುಗಳನ್ನು ಒಂದುಗೂಡಿಸುತ್ತವೆ. ಮೊದಲನೆಯವನ್ನು ಬಿಚ್ಚಿ ಚಕ್ರವನ್ನು ಹೊರಗೆ ತೆಗೆಯಬೇಕು. ಆಮೇಲೆ ಗಾಳಿಯನ್ನು ಪೂರ್ತಿಯಾಗಿ ಬಿಡಬೇಕು. ಅನಂತರವೇ ಎರಡನೆಯ ಗುಂಪಿಗೆ ಪಾನಾ ಹಾಕಬೇಕು. ಒಳಗೆ ಗಾಳಿಯಿರುವಾಗ ಹೋಳುಗಳನ್ನು ಸಡಿಲಿಸಿದರೆ ಅವು ಸಿಡಿದು ಮುಖಕ್ಕೆ ಬಡಿಯಬಹುದು. ಈ ಮಾತೊಂದನ್ನು ನೆನಪಿಟ್ಟರೂ ನನ್ನ ಭಾಷಣ ಸಾರ್ಥಕ.

ಮೋಟಾರ್ ಸೈಕಲ್ಲಿನ ರಿಮ್ಮು ಅಖಂಡವಾದದ್ದು. ಅಲ್ಲಿ ಲಿವರುಗಳ ಕೆಲಸ. ಟೈರಿನ ಅಂಚಿನೊಳಗೆ ಉಕ್ಕಿನ ತಂತಿಯಿದೆ; ಅದು ಹಿಗ್ಗುವುದಿಲ್ಲ. ಹಾಗಾದರೆ ಅಂಚು ರಿಮ್ಮನ್ನು ದಾಟುವುದು ಹೇಗೆ? ರಿಮ್ಮಿನ ನಡುವೆ ಒಂದು ತಗ್ಗಿದೆ. ಗಾಳಿ ಬಿಟ್ಟು, ಅಂಚಿಗೆ ಸಾಬೂನು ನೀರು ಸವರಿ, ಒಂದು ಕಡೆಯ ಅಂಚನ್ನು ಆ ತಗ್ಗಿಗೆ ಒತ್ತಿದರೆ ಎದುರು ಕಡೆ ಸಡಿಲ ಸಿಗುತ್ತದೆ. ವಾಲ್ವಿನ ಬಳಿಯಿಂದ ಬಿಚ್ಚಲು ತೊಡಗಬೇಕು. ಕೂಡಿಸುವಾಗ ವಾಲ್ವಿನ ಬಳಿ ಮುಗಿಸಬೇಕು. ಬಲಪ್ರಯೋಗ ಬೇಕಾಯಿತೆಂದರೆ ಎದುರಿನ ಅಂಚು ತಗ್ಗಿನಲ್ಲಿಲ್ಲವೆಂದೇ ಅರ್ಥ. ಬಲವಂತದಿಂದ ಒತ್ತಿದ ಲಿವರು ಟ್ಯೂಬನ್ನು ಕಚ್ಚುತ್ತದೆ.

ಹೊಸ ಟ್ಯೂಬು ಹಾಕುವ ಮುನ್ನ ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ ನೋಡಬೇಕು. ಮುಳ್ಳಿನ ತುದಿ ಅಲ್ಲೇ ಉಳಿದಿದ್ದರೆ ಹೊಸ ಟ್ಯೂಬಿಗೂ ಹಳೆಯದರ ಗತಿಯೇ. ಟೈರಿನ ಬದಿಯ ಬಾಣದ ಗುರುತು ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗಿರಬೇಕು. ಟ್ಯೂಬಿಗೆ ಸ್ವಲ್ಪವೇ ಗಾಳಿ ತುಂಬಿ ಕೂಡಿಸಿದರೆ ಅದು ಮಡಿಚಿಕೊಳ್ಳುವುದಿಲ್ಲ. ಕೊನೆಗೆ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಬೇಕು. ಗಾಳಿಯ ಅಳತೆ ನೋಡುವುದಕ್ಕೆ ಬಳ್ಳಾರಿಯ ಮಧ್ಯಾಹ್ನ ತಕ್ಕ ಹೊತ್ತಲ್ಲ. ಟೈರು ತಣ್ಣಗಿರುವ ಮುಂಜಾನೆಯೇ ಸರಿ.

ಇನ್ನು ಸಮತೋಲನ. ಕಂದಪದ್ಯದಲ್ಲಿ ಗಣಕ್ಕೆ ನಾಲ್ಕು ಮಾತ್ರೆ; ಒಂದು ಹೆಚ್ಚಾದರೆ ಓದು ಕುಂಟುತ್ತದೆ. ಚಕ್ರದಲ್ಲಿ ಆ ಕುಂಟು ವೇಗದೊಡನೆ ಬೆಳೆಯುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಸ್ಕೂಟರಿನ ಚಕ್ರ ಸೆಕೆಂಡಿಗೆ ಸುಮಾರು 12 ಸುತ್ತು ತಿರುಗುತ್ತದೆ. ಆಗ ರಿಮ್ಮಿನ ಮೇಲೆ ಒಂದು ಕಡೆ 20 ಗ್ರಾಂ ಹೆಚ್ಚಿದ್ದರೆ, ಅದು ಸುಮಾರು ಒಂದೂವರೆ ಕಿಲೋ ತೂಕದಷ್ಟು ಬಲದಿಂದ ಹೊರಕ್ಕೆ ಜಗ್ಗುತ್ತದೆ. ವೇಗ ಇಮ್ಮಡಿಯಾದರೆ ಜಗ್ಗಾಟ ನಾಲ್ಮಡಿ. ಕೈಯಲ್ಲಿ ಹ್ಯಾಂಡಲು ನಡುಗಲು ಇದೂ ಒಂದು ಕಾರಣ.

ಮನೆಯಲ್ಲಿ ಇದನ್ನು ನೋಡುವ ಬಗೆ ಸುಲಭ. ಮೋಟಾರ್ ಸೈಕಲ್ಲಿನ ಚಕ್ರಕ್ಕೆ ಅದರ ಅಚ್ಚನ್ನು ತೂರಿಸಿ, ಸಮ ಎತ್ತರದ ಎರಡು ಮಣೆಗಳ ಮೇಲೆ ಅಚ್ಚಿನ ತುದಿಗಳನ್ನಿಟ್ಟು ಮೆಲ್ಲಗೆ ತಿರುಗಿಸಬೇಕು. ಭಾರದ ಭಾಗ ಕೆಳಗೆ ಬಂದು ನಿಲ್ಲುತ್ತದೆ. ಅದಕ್ಕೆ ಸರಿಯಾಗಿ ಎದುರಿನ ಮೇಲಿನ ಭಾಗದಲ್ಲಿ ಸಣ್ಣ ತೂಕವನ್ನು ಅಂಟಿಸಿ ಮತ್ತೆ ತಿರುಗಿಸಬೇಕು. ಚಕ್ರ ಎಲ್ಲಿ ಬಿಟ್ಟರೆ ಅಲ್ಲೇ ನಿಂತಾಗ ಕೆಲಸ ಮುಗಿಯಿತು. ಹಳೆಯ ಚೇತಕ್ಕಿನ ಚಕ್ರಕ್ಕೆ ಪ್ರತ್ಯೇಕ ಅಚ್ಚಿಲ್ಲ. ಮುಂಭಾಗವನ್ನು ಭದ್ರವಾಗಿ ಎತ್ತಿ ನಿಲ್ಲಿಸಿ, ಬ್ರೇಕು ಉಜ್ಜದಂತೆ ಸಡಿಲಿಸಿ, ಅಲ್ಲಿಯೇ ಪರೀಕ್ಷಿಸಬಹುದು. ಹಿಂದಿನ ಚಕ್ರವೂ ಅದೇ ಅಳತೆಯದಾದ್ದರಿಂದ ಅದನ್ನೂ ಮುಂದೆ ಕೂಡಿಸಿ ನೋಡಬಹುದು. ಮುಗಿದ ಮೇಲೆ ಬ್ರೇಕನ್ನು ಮರಳಿ ಹೊಂದಿಸಿಕೊಳ್ಳದೆ ಬೀದಿಗಿಳಿಯಬಾರದು.

ಮನೆಯ ಕೆಲಸಕ್ಕೆ ಮಿತಿಯೂ ಉಂಟು. ಇಂದಿನ ವಾಹನಗಳಲ್ಲಿ ಹೆಚ್ಚಾಗಿರುವ ಟ್ಯೂಬಿಲ್ಲದ ಟೈರಿನ ಅಂಚು ರಿಮ್ಮಿನಲ್ಲಿ ಕೂರಬೇಕಾದರೆ ಗಾಳಿ ರಭಸದಿಂದ ನುಗ್ಗಬೇಕು. ಕೈಪಂಪಿಗೆ ಅದು ಕಷ್ಟ. ಅದನ್ನು ಅಂಗಡಿಗೆ ಒಪ್ಪಿಸುವುದು ವಿವೇಕ. ಬದಿ ಸೀಳಿದ ಟೈರನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ, ಎಸೆಯಬೇಕು. ಹೊಸದನ್ನು ಕೊಳ್ಳುವಾಗ ಬದಿಯ ನಾಲ್ಕು ಅಂಕಿಗಳನ್ನು ಓದಿರಿ: 2423 ಎಂದರೆ 2023ರ 24ನೆಯ ವಾರದಲ್ಲಿ ತಯಾರಾದದ್ದು.

ಸಿರುಗುಪ್ಪದ ರಸ್ತೆಯಲ್ಲಿ ಬತ್ತದ ಲಾರಿಗಳ ಪಕ್ಕದಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗೃಹಸ್ಥನ ಸಂಸಾರವೆಲ್ಲ ನೆಲಕ್ಕೆ ತಾಗಿರುವುದು ಅಂಗೈಯಗಲದ ಎರಡು ರಬ್ಬರಿನ ತುಂಡುಗಳಿಂದ. ವಾರಕ್ಕೊಮ್ಮೆ ಅವುಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ನೋಡುವುದಕ್ಕೆ ಯಂತ್ರಶಾಸ್ತ್ರ ಓದಿರಬೇಕಾಗಿಲ್ಲ.